ಹೊಸ ಪೇಂಟ್ ಹೊಡೆದ್ಮೇಲೆ ಟ್ಯಾಂಕ್ ರೇಡಿಯೊ ಯಾಕೆ ಮೂಕ ಆಗುತ್ತೆ?

ಎರಡನೇ ಮಹಾಯುದ್ಧದ ಹಲವು ಬ್ರಿಟಿಷ್ ಟ್ಯಾಂಕುಗಳಲ್ಲಿ 'ವೈರ್‌ಲೆಸ್ ಸೆಟ್ ನಂ. 19' ಅನ್ನೋ ರೇಡಿಯೊ ಇರ್ತಿತ್ತು. ಇಂಥ ಗಾಡಿನ ಈಗ ಮತ್ತೆ ಸಜ್ಜು ಮಾಡಿ ಹಳೇ ಆಂಟೆನಾ ಕೂರಿಸೋರಿಗೆ ಕೈ ಕೊಡೋದು ಪೇಂಟ್!

ಆಂಟೆನಾ ಅಂದ್ರೆ ಮೇಲೆ ಕಾಣೋ ಕಡ್ಡಿ ಮಾತ್ರ ಅಲ್ಲ, ಗಾಡಿಯ ಉಕ್ಕಿನ ಮೈ ಅದರ ಇನ್ನರ್ಧ. ಕಡ್ಡಿ ಆ ಮೈಗೆ ತಾಗಬಾರದು, ಅದಕ್ಕೇ ಬುಡದಲ್ಲಿ ಕರೆಂಟ್ ಹರಿಯದ ಭಾಗ ಇರುತ್ತೆ. ಆದ್ರೆ ರೇಡಿಯೊದ ಅರ್ಥಿಂಗ್ ಪಟ್ಟಿ ಬರೀ ಲೋಹಕ್ಕೇ ತಾಗಬೇಕು. ನಡುವೆ ಹೊಸ ಪೇಂಟ್ ಇದ್ರೆ ಸಿಗ್ನಲ್ ಸೊರಗುತ್ತೆ. ಆ ಬೋಲ್ಟ್ ಕೂರೋ ಜಾಗದಲ್ಲಿ ಪೇಂಟ್ ಕೆರೆದು ತೆಗೀಲೇಬೇಕು. ಕಷ್ಟಪಟ್ಟು ಹೊಡೆದದ್ದನ್ನ ಕೆರೆಯೋಕೆ ಮನಸ್ಸು ಬರಲ್ಲ, ನಿಜ.

ಇನ್ನೊಂದು ಲೆಕ್ಕ ನೋಡಿ. ಈ ಸೆಟ್ಟಿನ ಮುಖ್ಯ ರೇಡಿಯೊ 2ರಿಂದ 8 ಮೆಗಾಹರ್ಟ್ಸ್‌ನದು. 3 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 100 ಮೀಟರ್, ಅದರ ಕಾಲುಭಾಗ 25 ಮೀಟರ್. ಕಡ್ಡಿ ಇರೋದು ಸುಮಾರು 2.4 ಮೀಟರ್! ಈ ಕೊರತೆ ಸರಿದೂಗಿಸೋದು ವೇರಿಯೋಮೀಟರ್, ಅಂದ್ರೆ ಒಳಗೆ ತಂತಿ ಸುರುಳಿ ಇರೋ ಡಬ್ಬ. ಅದನ್ನ ಆಂಟೆನಾ ಬುಡದ ಹತ್ತಿರವೇ ಇಡಿ. ಮಧ್ಯದ ವೈರ್ ಉದ್ದ ಆದಷ್ಟೂ ಶಕ್ತಿ ಗಾಡಿಯೊಳಗೇ ಸೋರಿಹೋಗುತ್ತೆ.

ಹೊಸ ತೂತು ಕೊರೆಯೋ ಮುಂಚೆ ಹಳೇದನ್ನ ಹುಡುಕಿ, ಪೇಂಟ್ ಕೆಳಗೆ ಮುಚ್ಚಿಹೋಗಿರಬಹುದು. ಹಾಂ, ಮಾತಾಡೋಕೆ ಮೈಕ್ ಬಟನ್ ಒತ್ತಿದಾಗ ಕಡ್ಡಿ ಮುಟ್ಟಬೇಡಿ. ಕೈ ಸುಡುತ್ತೆ.