ಮನೆಗೆ ತಕ್ಕ ರೌಟರ್

ಹೊರಗಿನಿಂದ ಬಂದ ಒಂದು ತಂತಿಯ ಅಂತರ್ಜಾಲ ಸಂಪರ್ಕವನ್ನು ಮನೆಮಂದಿಯ ಫೋನು, ಕಂಪ್ಯೂಟರುಗಳಿಗೆ ಹಂಚಿಕೊಡುವ ಪುಟ್ಟ ಪೆಟ್ಟಿಗೆಯೇ ರೌಟರ್. ಅದನ್ನು ಕೊಳ್ಳಹೋದವರು ಸಾಮಾನ್ಯವಾಗಿ ಕೇಳುವುದು, ‘ಯಾವುದು ಹೆಚ್ಚು ವೇಗದ್ದು?’ ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ‘ನನ್ನ ಮನೆ ಎಂಥದು?’

ಪೆಟ್ಟಿಗೆಯ ಮೇಲೆ 1200 ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳೋಣ. ಅದು ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳ ಗರಿಷ್ಠ ವೇಗಗಳಾದ 300 ಮತ್ತು 867ನ್ನು ಕೂಡಿಸಿ ದುಂಡಾಗಿಸಿದ ಸಂಖ್ಯೆ. ನಮ್ಮ ಫೋನುಗಳಲ್ಲಿ ಹೆಚ್ಚಿನವು ಒಮ್ಮೆಗೆ ಒಂದೇ ಪಟ್ಟಿಯನ್ನು ಬಳಸುವುದರಿಂದ ಆ ಮೊತ್ತ ಅವುಗಳ ಪಾಲಿಗೆ ಕಾಗದದ ಮೇಲಿನದು. ಸಂಪರ್ಕವೇ ಸೆಕೆಂಡಿಗೆ 100 ಮೆಗಾಬಿಟ್‌ನದಾಗಿದ್ದರೆ ಯಾವ ರೌಟರೂ ಅದನ್ನು ಹೆಚ್ಚಿಸಲಾರದು. ಆದರೆ ತಗ್ಗಿಸಬಲ್ಲದು! 200 ಮೆಗಾಬಿಟ್‌ಗೆ ಹಣ ತೆತ್ತು, ತಂತಿ ಸಿಕ್ಕಿಸುವ ಕಿಂಡಿ 100ರದೇ ಆಗಿರುವ ರೌಟರನ್ನು ತಂದರೆ ಅರ್ಧ ಹಣ ಬಾಗಿಲಲ್ಲೇ ಉಳಿಯಿತು. ಗಿಗಾಬಿಟ್ ಕಿಂಡಿ ಇದೆಯೇ ಎಂದು ಕೇಳಿ ಕೊಳ್ಳುವುದು ಲೇಸು.

ಆ ಎರಡು ಪಟ್ಟಿಗಳ ಸ್ವಭಾವವೂ ಬೇರೆ ಬೇರೆ. 2.4 ಗಿಗಾಹರ್ಟ್ಸ್‌ನದು ನಿಧಾನಿ, ಆದರೆ ಗೋಡೆ ಹಾಯ್ದು ದೂರ ಸಾಗಬಲ್ಲದು. ಮೈಕ್ರೋವೇವ್ ಒಲೆ, ಬ್ಲೂಟೂತ್, ನೆರೆಮನೆಗಳ ರೌಟರು ಎಲ್ಲವೂ ಆ ಓಣಿಯಲ್ಲೇ ನೂಕಾಡುತ್ತವೆ. 5 ಗಿಗಾಹರ್ಟ್ಸ್‌ನದು ಚುರುಕು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಎರಡು ಕೋಣೆಯ ಮನೆಗೆ ಎರಡೂ ಪಟ್ಟಿಗಳುಳ್ಳ ಸಾಧಾರಣ ರೌಟರೊಂದು ನಡುಮನೆಯಲ್ಲಿ, ಎತ್ತರದಲ್ಲಿದ್ದರೆ ಸಾಕು. ಕಬ್ಬಿಣದ ಬೀರುವಿನ ಹಿಂದೆ ಅವಿತಿಟ್ಟರೆ ಎಷ್ಟು ಬೆಲೆಯದಾದರೂ ವ್ಯರ್ಥ.

ದಪ್ಪ ಮಣ್ಣುಗೋಡೆಯ ತೊಟ್ಟಿಮನೆಗೆ, ಕಾಂಕ್ರೀಟ್ ತಾರಸಿಯ ಮಹಡಿಮನೆಗೆ ಇಷ್ಟು ಸಾಲದು. ‘ಇನ್ನೂ ಬಲವಾದದ್ದು ಕೊಡಿ’ ಎಂದು ಕೇಳುವುದು ಅಲ್ಲಿ ಪರಿಹಾರವಲ್ಲ. ರೇಡಿಯೋ ಒಂದೇ ಕಡೆಯಿಂದ ನುಡಿಯುತ್ತದೆ, ನೀವು ಕೇಳಿದರಾಯಿತು. ರೌಟರಿನದು ಸಂವಾದ. ಅದು ಎಷ್ಟೇ ಗಟ್ಟಿಯಾಗಿ ನುಡಿದರೂ ಕೈಯಲ್ಲಿನ ಫೋನಿನ ಕ್ಷೀಣ ದನಿ ಅದಕ್ಕೆ ಮರಳಿ ಕೇಳಿಸಬೇಕಷ್ಟೆ? ಆದುದರಿಂದ ಅಂಥ ಮನೆಗಳಲ್ಲಿ ಒಂದು ದುಬಾರಿ ರೌಟರಿಗಿಂತ ಪರಸ್ಪರ ಕೈಜೋಡಿಸುವ ಎರಡು ಸಾಧಾರಣ ಪೆಟ್ಟಿಗೆಗಳು ಮೇಲು. ಇದಕ್ಕೆ ಮೆಶ್ ಎನ್ನುತ್ತಾರೆ. ಅವೆರಡರ ನಡುವೆ ತಂತಿಯನ್ನೇ ಎಳೆದರಂತೂ ಉತ್ತಮ.

ಬಳಸುವವರು ಹಲವರಿದ್ದರೆ 2019ರಿಂದ ಪ್ರಮಾಣೀಕೃತವಾಗಿರುವ ವೈಫೈ 6 ಪೀಳಿಗೆಯದನ್ನು ಆರಿಸಬಹುದು; ಹಲವು ಸಾಧನಗಳಿಗೆ ಏಕಕಾಲಕ್ಕೆ ಉಣಬಡಿಸುವ ಜಾಣ್ಮೆ ಅದಕ್ಕಿದೆ. ಭದ್ರತೆಗೆ 2018ರಲ್ಲಿ ಬಂದ ಡಬ್ಲ್ಯುಪಿಎ3 ಇದೆಯೇ, ತಯಾರಕರು ಅದರ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವರೇ ಎಂದು ವಿಚಾರಿಸಿ. ತಂದ ದಿನವೇ ಗುಪ್ತಪದಗಳನ್ನು ಬದಲಿಸುವುದು ಮನೆಗೆ ಬೀಗ ಹಾಕಿದಷ್ಟೇ ಅಗತ್ಯ.

ಸಂಪರ್ಕ ಕೊಡುವವರ ಪೆಟ್ಟಿಗೆಯಲ್ಲೇ ರೌಟರ್ ಅಡಕವಾಗಿರುವುದೂ ಉಂಟು. ಮೊದಲು ಅದನ್ನು ತಕ್ಕ ಸ್ಥಳದಲ್ಲಿಟ್ಟು, ಮನೆಯ ಕಟ್ಟಕಡೆಯ ಕೋಣೆಗೆ ಫೋನು ಹಿಡಿದು ನಡೆದು ನೋಡಿ. ಮಗು ಪಾಠ ಕೇಳುವುದು, ಹಾಸಿಗೆ ಹಿಡಿದ ಹಿರಿಯರು ದೂರದ ಮಕ್ಕಳ ಮುಖ ನೋಡುವುದು ಎಷ್ಟೋ ಮನೆಗಳಲ್ಲಿ ಆ ಕೋಣೆಯಲ್ಲೇ. ಅಲ್ಲಿಗೆ ಸಂಪರ್ಕ ತಡೆಯಿಲ್ಲದೆ ತಲುಪಿದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ. ತಲುಪದಿದ್ದರೆ, ಅಂಗಡಿಯಲ್ಲಿ ಹೇಳಬೇಕಾದದ್ದು ಆ ಕೋಣೆಯ ದೂರ ಮತ್ತು ನಡುವಣ ಗೋಡೆಗಳ ಲೆಕ್ಕವನ್ನು.