ಒಕ್ಕದ ಕೋವಿ

ಆಗಸ್ಟ್ ಕೊನೆಯ ಹೊತ್ತಿಗೆ, ಮಳೆ ಸ್ವಲ್ಪ ಹಿಂಜರಿದಾಗ, ಕೊಡಗಿನ ಬೇಲಿಗಳ ಮೇಲೆ ಒಂದು ಬಳ್ಳಿ ಹೂಬಿಡುತ್ತದೆ. ಎಸಳಿನ ಬುಡ ಹಳದಿ, ತುದಿ ಬೆಂಕಿಗೆಂಪು, ಅಂಚು ಅಲೆಅಲೆ. ಉಳಿದ ಕಡೆ ಅದನ್ನು ಅಗ್ನಿಶಿಖೆ ಎಂದೋ ಗೌರಿ ಹೂ ಎಂದೋ ಕರೆಯುತ್ತಾರೆ. ಕೊಡವರಿಗೆ ಅದು ತೋಕ್‌ಪೂ, ಅಂದರೆ ಕೋವಿಯ ಹೂ. ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ದಿನ ಈ ಹೂವನ್ನು ಕೋವಿಯ ನಳಿಗೆಯ ಬಾಯಿಗೆ ಸಿಕ್ಕಿಸುತ್ತಾರೆ. ಇದೇ ಹಬ್ಬವನ್ನು ಕನ್ನಡದಲ್ಲಿ ಕೈಲ್ ಮುಹೂರ್ತ ಎನ್ನುವುದೂ ಉಂಟು.

ಜಗತ್ತಿನ ಅನೇಕ ಕಡೆ ಹಳೆಯ ಬಂದೂಕು ಕೂಡಿಡುವ ಹವ್ಯಾಸಿಗಳಿದ್ದಾರೆ. ಹಣ ಕೊಟ್ಟು ಹರಾಜಿನಲ್ಲಿ ಕೊಳ್ಳುತ್ತಾರೆ, ಗಾಜಿನ ಕಪಾಟಿನಲ್ಲಿ ಇಡುತ್ತಾರೆ, ಬಂದವರಿಗೆ ತೋರಿಸುತ್ತಾರೆ. ಕೊಡಗಿನ ಕೋವಿಪ್ರೀತಿಯ ದಾರಿ ಬೇರೆ. ಇಲ್ಲಿ ಹಳೆಯ ಕೋವಿಯನ್ನು ಯಾರೂ ಹುಡುಕಿಕೊಂಡು ಹೋಗಿ ತಂದಿದ್ದಲ್ಲ, ಅದು ಮನೆಯಲ್ಲೇ ಇತ್ತು. ಅಜ್ಜ ಹಿಡಿದದ್ದು, ಅವನ ಅಪ್ಪ ಹಿಡಿದದ್ದು. ಕಾಗದದಲ್ಲಿ ಒಬ್ಬರ ಹೆಸರಿದ್ದರೂ ಮನೆಯವರ ಮಾತಿನಲ್ಲಿ ಅದು ಒಕ್ಕದ ಕೋವಿ, ಇಡೀ ಕುಲದ್ದು. ಅದನ್ನು ಮಾರುವ ಮಾತು ಬಂದರೆ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಬಾಯಿ ಹಾಕುತ್ತಾರೆ. ಆಸ್ತಿಯಂತೆ ಪಾಲಾಗದೆ, ಚಿನ್ನದಂತೆ ಕರಗದೆ ಉಳಿದ ವಸ್ತು ಎಂಬ ಕಾರಣಕ್ಕೇ ನನಗೆ ಇದು ನಾಡಿನ ಅಪರೂಪದ ಸಂಗ್ರಹಗಳಲ್ಲಿ ಒಂದಾಗಿ ಕಾಣುತ್ತದೆ. ಸಾವಿರಾರು ಮನೆಗಳಲ್ಲಿ ಹಂಚಿಹೋಗಿರುವ, ವರ್ಷಕ್ಕೊಮ್ಮೆ ಊರೆದುರು ಹೊರಬರುವ ಸಂಗ್ರಹ ಇದು.

ಹಬ್ಬದ ಹಿಂದೆ ಬೇಸಾಯದ ಲೆಕ್ಕಾಚಾರ ಇದೆ. ಗದ್ದೆ ಉಳುವುದು, ಸಸಿ ಕೀಳುವುದು, ನಾಟಿ ಮಾಡುವುದು ಮುಗಿಯುವವರೆಗೆ ಮನೆಯ ಗಂಡಾಳುಗಳಿಗೆ ಬೇರೆ ಯೋಚನೆಗೆ ಬಿಡುವಿಲ್ಲ. ಆ ಕಾಲದಲ್ಲಿ ಆಯುಧಗಳು ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿ ಕೂತಿರುತ್ತಿದ್ದವು. ನಾಟಿ ಮುಗಿದ ಮೇಲೆ ಅವಕ್ಕೆ ಬಿಡುಗಡೆ. ಹಬ್ಬದ ಬೆಳಿಗ್ಗೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಒರೆಸಿ, ಗಂಧ ಹಚ್ಚಿ, ಹೂ ಮುಡಿಸಿ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಎದುರು ಇಡುತ್ತಾರೆ. ಕುಲದ ಪೂರ್ವಜರಾದ ಗುರುಕಾರಣರಿಗೆ ಎಡೆ. ಆಮೇಲೆ ಕಡಂಬುಟ್ಟು, ಪಂದಿಕರಿ. ಊಟಕ್ಕೆ ಮೊದಲು ಮನೆಯ ಹಿರಿಯರು ಕೋವಿಯನ್ನೆತ್ತಿ ಕಿರಿಯರ ಕೈಗೆ ಕೊಟ್ಟು ಹರಸುತ್ತಾರೆ. ಆ ಹರಕೆಯಲ್ಲಿ ಧೈರ್ಯದ ಮಾತಿನಷ್ಟೇ ತಾಳ್ಮೆಯ ಮಾತೂ ಇರುತ್ತದೆ. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಇಂಥ ಪದ್ಧತಿಗಳನ್ನೂ ಹಾಡುಗಳನ್ನೂ ಒಟ್ಟುಮಾಡಿಟ್ಟ ಗ್ರಂಥ. ಕೊಡಗನ್ನು ಅರಿಯಬೇಕೆನ್ನುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು.

ಕೋವಿಗೆ ಹಬ್ಬದಾಚೆಗೂ ಕೆಲಸವಿತ್ತು. ಬೆಟ್ಟ, ಕಾಡು, ಗದ್ದೆಗಳ ನಡುವೆ ಒಂಟೊಂಟಿಯಾಗಿ ಹರಡಿದ ಮನೆಗಳ ನಾಡಿದು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನೆರೆಯಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಎರಡನೆಯ ಸದ್ದು ಕೇಳಿದ ಕೂಡಲೇ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಆ ದಿಕ್ಕಿಗೆ ಹೆಜ್ಜೆ ಹಾಕುತ್ತಿದ್ದರು. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವ ಗಳಿಗೆಯನ್ನು ಇಂದಿಗೂ ಗುಂಡಿನ ಸದ್ದೇ ಸಾರುತ್ತದೆ. ಒಂದು ಕಣಿವೆಯಲ್ಲಿ ಹಾರಿದ ಗುಂಡಿಗೆ ಮತ್ತೊಂದು ಕಣಿವೆ ಉತ್ತರ ಕೊಡುತ್ತದೆ. ಹಿಂದೆ ಹುಲಿ ಹೊಡೆದವನಿಗೆ ‘ನರಿ ಮಂಗಲ’ ನಡೆಯುತ್ತಿತ್ತು. ನರಿ ಎಂದರೆ ಕೊಡವ ತಕ್ಕ್‌ನಲ್ಲಿ ಹುಲಿ. ಸತ್ತ ಹುಲಿಯ ಪಕ್ಕದಲ್ಲಿ ಬೇಟೆಗಾರನನ್ನು ಮದುವಣಿಗನಂತೆ ಕೂರಿಸಿ ಊರವರು ಮರ್ಯಾದೆ ಮಾಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಬೇಟೆ ನಿಂತ ಮೇಲೂ ಕೋವಿ ಉಳಿಯಿತು. ಈ ನಾಡಿಗೆ ಕೋವಿ ಬರೀ ಬೇಟೆಯ ಸಲಕರಣೆ ಆಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೋವಿಗಳ ಬಗ್ಗೆಯೇ ಸ್ವಲ್ಪ ಹೇಳಬೇಕು. ಕೊಡಗು, ಮಲೆನಾಡಿನ ಜನ ಅವನ್ನು ಸರಳವಾಗಿ ಎರಡು ಜಾತಿ ಮಾಡುತ್ತಾರೆ: ಕೇಪಿನ ಕೋವಿ, ತೋಟೆ ಕೋವಿ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಮೇಲೆ ಚರೆ ತುಂಬಿ, ಹಿಂಬದಿಯ ಮೊಳೆಗೆ ಪುಟ್ಟ ತಾಮ್ರದ ಕೇಪು ಹಾಕಬೇಕು. ಕುದುರೆ ಬಂದು ಕೇಪಿಗೆ ಬಡಿದರೆ ಕಿಡಿ. ಒಂದು ಗುಂಡು ಹಾರಿಸಿ ಮತ್ತೊಂದಕ್ಕೆ ತಯಾರಾಗಲು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು. ತೋಟೆ ಕೋವಿಯಲ್ಲಿ ಮದ್ದು, ಚರೆ, ಕೇಪು ಮೂರೂ ಒಂದೇ ತೋಟೆಯೊಳಗೆ. ಮೇಲಿನ ಸನ್ನೆ ಒತ್ತಿದರೆ ನಳಿಗೆ ನಡು ಬಾಗಿ ಬಾಯಿ ತೆರೆಯುತ್ತದೆ. ಹೆಚ್ಚಿನ ಮನೆಗಳಲ್ಲಿರುವುದು 12 ಬೋರ್, ಒಂಟಿ ನಳಿಗೆಯದ್ದು ಅಥವಾ ಜೋಡಿ ನಳಿಗೆಯದ್ದು. ಈ 12 ಎಂಬ ಸಂಖ್ಯೆ ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಕರಗಿಸಿ ಸಮನಾದ 12 ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಇರುತ್ತದೋ ನಳಿಗೆಯ ಒಳಗಲ ಅಷ್ಟು, ಸುಮಾರು 18.5 ಮಿ.ಮೀ. 16 ಬೋರ್ ಎಂದರೆ 16 ಗುಂಡು, ಆದ್ದರಿಂದ ನಳಿಗೆ ಇನ್ನೂ ಸಣ್ಣದು.

ಹಳೆಯ ಜೋಡಿ ನಳಿಗೆಯ ಕೋವಿಯೊಂದು ಕೈಗೆ ಸಿಕ್ಕರೆ ತಿಳಿದವರು ಮೊದಲು ಅದರ ನಳಿಗೆಯ ಅಡಿಭಾಗ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ತಯಾರಾದ ಪ್ರತಿಯೊಂದು ನಳಿಗೆಯನ್ನೂ ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ ಹೆಚ್ಚು ಮದ್ದು ತುಂಬಿ ಸಿಡಿಸಿ ನೋಡಿ, ತಾಳಿಕೊಂಡರೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಗಳೇ ಕೋವಿಯ ಜಾತಕ. ಬಾಯಿಯ ಕಡೆ ಕಿರಿದಾಗುವ, ಚೋಕ್ ಇರುವ ನಳಿಗೆಗಳು 1870ರ ದಶಕದಲ್ಲಿ ಬಳಕೆಗೆ ಬಂದಾಗ ಅವುಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂದು ಒತ್ತಿದರು. ಒಂಟಿ ಸೀಸದುಂಡೆ ಹಾಕಬೇಡಿ, ನಳಿಗೆ ಒಡೆದೀತು ಎಂಬ ಎಚ್ಚರಿಕೆ ಅದು. ಈ ಬರಹ ಬಳಕೆಯಲ್ಲಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಹಾಗಾಗಿ ಅಟ್ಟದ ಕೋವಿಯ ಮೇಲೆ ಅದು ಕಂಡರೆ ಆ ಕೋವಿ ಯಾವ ಕಾಲದ್ದು ಎಂದು ಕುಳಿತಲ್ಲೇ ಹೇಳಬಹುದು. ಹೊರಗೆ ಕುದುರೆ ಕಾಣದ ಕೋವಿಗಳು ಹೆಚ್ಚಾದದ್ದೂ ಅದೇ ಕಾಲದಲ್ಲಿ. ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದ, ಯಂತ್ರವೆಲ್ಲ ಒಳಗೇ ಅಡಗಿದ ಆ ವಿನ್ಯಾಸವನ್ನು ಇವತ್ತಿಗೂ ಕೋವಿ ಮಾಡುವವರು ಅನುಸರಿಸುತ್ತಾರೆ.

ಇನ್ನು ಡಮಾಸ್ಕಸ್ ನಳಿಗೆ. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಜೊತೆಯಾಗಿ ಹುರಿಗೊಳಿಸಿ, ಕಂಬಿಯೊಂದರ ಸುತ್ತ ಸುರುಳಿಯಾಗಿ ಸುತ್ತಿ, ಕಾಯಿಸಿ ಬಡಿದು ಬೆಸೆದು ಮಾಡಿದ್ದು. ಮೇಲ್ಮೈಗೆ ಆಮ್ಲ ಹಚ್ಚಿದಾಗ ನೀರಿನ ಸುಳಿಯಂಥ ಚಿತ್ತಾರ ಏಳುತ್ತದೆ. ಕೈಯಿಂದ ಮಾಡಿದ ವಸ್ತುಗಳಲ್ಲಿ ಇಷ್ಟು ಸೊಬಗಿನದ್ದು ನಾನು ಕಂಡದ್ದು ಕಡಿಮೆ. ಆದರೆ ಇವು ಕರಿಮದ್ದಿನ ಕಾಲಕ್ಕೆ ಮಾಡಿದವು. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡವೇ ಬೇರೆ ಬಗೆಯದು. ಪುಣೆಯ ಖಡ್ಕಿಯ ಸರ್ಕಾರಿ ಕಾರ್ಖಾನೆಯ ‘ಶಕ್ತಿಮಾನ್’ ತೋಟೆಯನ್ನು ನೂರೈವತ್ತು ವರ್ಷದ ಡಮಾಸ್ಕಸ್ ನಳಿಗೆಗೆ ತುಂಬಿ ಹಾರಿಸುವುದು ಜೀವದ ಜೊತೆ ಆಡುವ ಆಟ. ಅಂಥ ಕೋವಿಗೆ ಹೂ ಮುಡಿಸಿ, ಪೂಜೆ ಮಾಡಿ, ಕಣ್ತುಂಬ ನೋಡಿ ಒಳಗಿಡಬೇಕು. ಸಿಡಿಸುವ ಕೆಲಸವನ್ನು ಹೊಸ ಕೋವಿಗೆ ಬಿಡಬೇಕು.

ಕೊಡಗಿನ ಮಳೆ ಕೋವಿಗೆ ದೊಡ್ಡ ಶತ್ರು. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ನಳಿಗೆಯೊಳಗೆ ತುಕ್ಕು ಹಿಡಿದರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಳೆಯ ರಟ್ಟಿನ ತೋಟೆಗಳು ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅದಕ್ಕೇ ಮಳೆಗಾಲದಲ್ಲಿ ಗಜಕ್ಕೆ ಬಟ್ಟೆ ಸುತ್ತಿ ಎಣ್ಣೆ ಎಳೆಯುವುದು ಮನೆಯ ಹುಡುಗರು ಕಲಿಯುವ ಮೊದಲ ಪಾಠ. ಗುಂಡು ಹಾರಿಸಲು ಬಿಡುವುದು ಎಷ್ಟೋ ವರ್ಷದ ಮೇಲೆ. ಕೋವಿ ಕೈಗೆ ಬಂದ ಕೂಡಲೇ ಬಾಯಿ ತೆರೆದು ಖಾಲಿ ಇದೆಯೇ ಎಂದು ನೋಡುವುದು, ನಳಿಗೆ ಯಾವತ್ತೂ ಮನುಷ್ಯರ ಕಡೆ ತಿರುಗದಂತೆ ಹಿಡಿಯುವುದು, ಬೇಲಿ ದಾಟುವಾಗ ತೋಟೆ ತೆಗೆಯುವುದು, ಇವು ಆ ಹುಡುಗರಿಗೆ ನಡಿಗೆಯಷ್ಟೇ ಸಹಜವಾಗಿರುತ್ತವೆ.

ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದು ಹೇಗೆ ಎಂದು ಹೊರಗಿನವರು ಕೇಳುವುದುಂಟು. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಿಂದ ಜಮ್ಮ ಎಂಬ ಪರಂಪರಾಗತ ಭೂಹಿಡುವಳಿ ಇಲ್ಲಿತ್ತು. ಕರೆ ಬಂದಾಗ ಆಯುಧದೊಂದಿಗೆ ಹಾಜರಾಗುವ ಹೊಣೆ ಆ ಭೂಮಿಯ ಜೊತೆಗೇ ಬರುತ್ತಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1857ರ ದಂಗೆಯ ನಂತರ ದೇಶದ ಉದ್ದಗಲಕ್ಕೂ ಜನರಿಂದ ಆಯುಧ ಕಿತ್ತುಕೊಂಡ ಸರ್ಕಾರ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆದೇಶದ ಮೂಲಕ ಕೊಡಗಿಗೆ ವಿನಾಯಿತಿ ಕೊಟ್ಟಿತು. ಸ್ವಾತಂತ್ರ್ಯದ ಬಳಿಕ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಿತು. ಇದು ಕೊಡವ ಕುಲದವರಿಗೆ ಮಾತ್ರ ಸೀಮಿತವಲ್ಲ, ಜಮ್ಮ ಹಿಡುವಳಿದಾರರಾದ ಇತರ ಸಮುದಾಯಗಳಿಗೂ ಸಲ್ಲುತ್ತದೆ. 2019ರಲ್ಲಿ ಹೊರಟ ಹೊಸ ಅಧಿಸೂಚನೆ ಈ ವಿನಾಯಿತಿಗೆ 2029ರವರೆಗೆ ಅವಧಿ ಗೊತ್ತುಮಾಡಿದೆ. ಒಂದು ಜನಾಂಗಕ್ಕೆ ಮಾತ್ರ ಈ ರಿಯಾಯಿತಿ ಯಾಕೆ ಎಂದು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ಹಕ್ಕು, ಅದಕ್ಕೂ ಷರತ್ತುಗಳಿವೆ, ಕಾಲಮಿತಿಯಿದೆ ಎಂಬುದು ನ್ಯಾಯಾಲಯದ ನಿಲುವು.

ಪ್ರಶ್ನೆ ಕೇಳಿದ್ದು ತಪ್ಪಲ್ಲ. ಕಾಡುಹಂದಿ ಎಂದು ಭ್ರಮಿಸಿ ಜೊತೆಗಾರನಿಗೇ ಗುಂಡು ತಗಲಿದ ಸುದ್ದಿಗಳನ್ನು ಕೊಡಗು ಓದಿದೆ; ಸಿಟ್ಟಿನ ಕೈಗೆ ಕೋವಿ ಸಿಕ್ಕಿದ ಸುದ್ದಿಗಳನ್ನೂ ಓದಿದೆ. ಪ್ರತಿ ಸಲವೂ ಹೆಚ್ಚು ನೊಂದುಕೊಳ್ಳುವವರು ಕೋವಿಯನ್ನು ನಿಜವಾಗಿ ಪ್ರೀತಿಸುವವರೇ. ಹಬ್ಬದ ದಿನ ಮನೆಯೆಲ್ಲರ ಎದುರು ಹಿರಿಯರ ಕೈಯಿಂದ ಕೋವಿ ಪಡೆಯುವುದರ ಅರ್ಥ ಅವರಿಗೆ ಗೊತ್ತು: ಆ ಕೋವಿಯಿಂದ ಹೊರಡುವ ಪ್ರತಿ ಗುಂಡಿಗೂ ಒಕ್ಕದ ಹೆಸರು ಅಂಟಿಕೊಂಡಿರುತ್ತದೆ.

ಐನ್‌ಮನೆಯ ಅಂಗಳದಲ್ಲಿ ಇನ್ನೊಂದು ಪ್ರೀತಿಯ ವಸ್ತುವೂ ನಿಂತಿರುತ್ತದೆ, ಜೀಪು. ಕಾಫಿ ಮೂಟೆ, ಕರಿಮೆಣಸು, ಕೆಲಸದಾಳು, ಮದುವೆಯ ನೆಂಟರು, ಎಲ್ಲರನ್ನೂ ಹೊತ್ತ ಹಳೆಯ ವಿಲ್ಲೀಸ್, ಮಹೀಂದ್ರಾ ಜೀಪುಗಳನ್ನು ಗುಜರಿಗೆ ಹಾಕಲು ಇಲ್ಲಿನವರಿಗೆ ಮನಸ್ಸು ಬರುವುದಿಲ್ಲ. ಮಳೆಗಾಲದ ತೋಟದ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದು ಕಲಿತ ಹುಡುಗರು ವೇಗಕ್ಕೆ ಒಲಿದದ್ದು ಆಶ್ಚರ್ಯವಲ್ಲ. ಗದ್ದೆ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಆಟೋಕ್ರಾಸ್ ನಡೆಯುತ್ತದೆ. ಮಾರುತಿ ಜಿಪ್ಸಿಗಳು ಕೆಂಪು ದೂಳೆಬ್ಬಿಸಿ ತಿರುವು ತೆಗೆಯುವಾಗ ಬದುವಿನ ಮೇಲೆ ಊರಿಗೆ ಊರೇ ನಿಂತಿರುತ್ತದೆ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಕೊಡಗಿನ ಕಾಫಿತೋಟಗಳ ಮಣ್ಣುದಾರಿಯಲ್ಲಿ ನಡೆದಿವೆ. ಆ ಹುಡುಗರಿಗೆ ಎಂಜಿನ್ ಬಿಚ್ಚಿ, ತೂಕ ಇಳಿಸಿ, ಸಸ್ಪೆನ್ಷನ್ ಬದಲಿಸಿ ಗಾಡಿಯನ್ನು ತಮ್ಮದಾಗಿ ಮಾಡಿಕೊಳ್ಳುವುದರಲ್ಲೇ ಸುಖ. ಅದೇ ಕೈಗಳು ಅಜ್ಜನ ಕೋವಿಯನ್ನು ಹಿಡಿದಾಗ ಏನನ್ನೂ ಬದಲಿಸುವುದಿಲ್ಲ. ಮಾಸಿದ ನಳಿಗೆಗೆ ಹೊಸ ಬಣ್ಣ ಕೊಟ್ಟರೆ, ಅಕ್ರೂಟ್ ಮರದ ಹಿಡಿಗೆ ಮತ್ತೆ ಮೆರುಗು ಬಳಿದರೆ, ಕೆತ್ತನೆಯನ್ನು ಉಜ್ಜಿ ಹೊಳೆಯಿಸಿದರೆ ಅದರ ಬೆಲೆಯೂ ಹೋಯಿತು, ಅಜ್ಜನ ಅಂಗೈಯ ಗುರುತೂ ಹೋಯಿತು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಕೈಲ್‌ಪೊಳ್ದ್‌ನ ಹೊತ್ತಿಗೆ ಕೊಡಗಿಗೆ ಹೋಗಬೇಕು. ಹಬ್ಬದೂಟದ ನಂತರ ಊರವರು ಊರ ಬಯಲಾದ ಮಂದ್‌ನಲ್ಲೋ ಶಾಲೆಯ ಮೈದಾನದಲ್ಲೋ ಸೇರುತ್ತಾರೆ. ದೂರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಹಿಂದೆ ಮರದ ತುದಿಯ ಕಾಯಿಯನ್ನೇ ಹೊಡೆದು ಬೀಳಿಸುತ್ತಿದ್ದರು. ಈಗ 12 ಬೋರ್‌ಗೆ ಒಂದು ವಿಭಾಗ, .22 ರೈಫಲ್‌ಗೆ ಇನ್ನೊಂದು, ಮಕ್ಕಳೂ ಹೊಸಬರೂ ಏರ್‌ಗನ್ ಹಿಡಿದು ಕೋಳಿಮೊಟ್ಟೆಗೆ ಹೊಡೆಯುವುದು ಮತ್ತೊಂದು. ಕೊಡವ ನ್ಯಾಷನಲ್ ಕೌನ್ಸಿಲ್ ನಡೆಸುವ ತೋಕ್ ನಮ್ಮೆಯಲ್ಲಿ, ಅಂದರೆ ಕೋವಿ ಹಬ್ಬದಲ್ಲಿ, ಹೆಂಗಸರು ಸಾಂಪ್ರದಾಯಿಕ ಉಡುಗೆಯಲ್ಲಿ ಸಾಲಾಗಿ ಬಂದು ಗುರಿ ಹಿಡಿಯುತ್ತಾರೆ. ಮಡಿಕೇರಿಯಲ್ಲಿ, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸೇನೆಯ ಹಳೆಯ ಆಯುಧಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಮನೆಗಳಲ್ಲಿರುವ ಕೋವಿಗಳಿಗೆ ಮಾತ್ರ ಅಂಥ ದಾಖಲೆಯಿಲ್ಲ. ಯಾವ ಮುದ್ರೆ, ಯಾವ ಕಾರ್ಖಾನೆ, ಯಾರು ಯಾವ ವರ್ಷ ಕೊಂಡರು, ಯಾವ ಯುದ್ಧದಿಂದ ಮರಳಿದವರ ಜೊತೆ ಬಂತು ಎಂಬುದೆಲ್ಲ ಎಂಬತ್ತು ದಾಟಿದ ಅಜ್ಜ ಅಜ್ಜಿಯರ ನೆನಪಿನಲ್ಲಿದೆ. ಡಮಾಸ್ಕಸ್ ನಳಿಗೆಯನ್ನು ಗುರುತಿಸಬಲ್ಲ, ಸವೆದ ಕುದುರೆಗೆ ಕೈಯಿಂದಲೇ ಹೊಸ ಸ್ಪ್ರಿಂಗ್ ಕೂರಿಸಬಲ್ಲ ಕುಶಲಿಗಳು ಬೆರಳೆಣಿಕೆಯಷ್ಟಾಗುತ್ತಿದ್ದಾರೆ. ಮುಂದಿನ ಕೈಲ್‌ಪೊಳ್ದ್‌ಗೆ ಕೋವಿಯನ್ನು ದೀಪದ ಎದುರಿನಿಂದ ಎತ್ತಿಡುವ ಮುನ್ನ ಒಬ್ಬರು ಅದರ ನಳಿಗೆಯಡಿಯ ಮುದ್ರೆಯ ಫೋಟೊ ತೆಗೆಯಲಿ, ಇನ್ನೊಬ್ಬರು ಅಜ್ಜಿಯ ಪಕ್ಕ ಕೂತು ಆ ಕೋವಿಯ ಕತೆಯನ್ನು ಬರೆದುಕೊಳ್ಳಲಿ. ಒಂದು ಮಧ್ಯಾಹ್ನದ ಕೆಲಸ ಅದು.