ಉಲ್ಲೇಖಗಳ ಎಣಿಕೆಯೂ ಜ್ಯಾನೆಟ್ ರೌಲಿಯವರ ಲೇಖನಗಳೂ

ಶಾಸ್ತ್ರಜ್ಞರ ಯೋಗ್ಯತೆಯನ್ನು ಅಂಕಿಗಳಿಂದ ಅಳೆಯುವ ರೂಢಿಯು ಈಚಿನ ಕಾಲದಲ್ಲಿ ಬಹಳವಾಗಿ ಬೇರೂರಿದೆ. ಒಬ್ಬರು ಎಷ್ಟು ಲೇಖನಗಳನ್ನು ಪ್ರಕಟಿಸಿದರು, ಅವುಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರು ಎಂಬುದನ್ನು ನೋಡಿ ಕೆಲಸವನ್ನೂ ಬಡ್ತಿಯನ್ನೂ ಹಣಸಹಾಯವನ್ನೂ ಕೊಡುವುದುಂಟು. ಹೆಣ್ಣುಮಕ್ಕಳನ್ನು ವಿಜ್ಞಾನದ ದಾರಿಗೆ ಕಳುಹಿಸಬೇಕೆಂದಿರುವ ತಾಯಿತಂದೆಗಳಿಗೆ ಈ ಲೆಕ್ಕದ ಬಗೆಯು ತಿಳಿದಿರುವುದು ಒಳ್ಳೆಯದೆಂದು ಎಣಿಸಿ ಇದನ್ನು ಬರೆಯುತ್ತೇವೆ.

ಸಂಶೋಧಕರು ತಮ್ಮ ಲೇಖನದ ಕೊನೆಯಲ್ಲಿ ತಾವು ಯಾರ ಯಾರ ಬರಹಗಳಿಂದ ನೆರವು ಪಡೆದೆವೆಂಬುದನ್ನು ಬರೆಯುವರು. ಇದೊಂದು ಬಗೆಯ ಋಣಸ್ವೀಕಾರ. ಅಮೇರಿಕಾ ದೇಶದ ವಕೀಲರು ಹಿಂದಿನ ತೀರ್ಪುಗಳು ಮುಂದೆ ಎಲ್ಲೆಲ್ಲಿ ಬಳಕೆಯಾದವೆಂದು ತಿಳಿಯಲು 19ನೆಯ ಶತಮಾನದಿಂದಲೇ ಸೂಚೀಗ್ರಂಥವೊಂದನ್ನು ಇಟ್ಟುಕೊಂಡಿದ್ದರು. ಯೂಜೀನ್ ಗಾರ್‌ಫೀಲ್ಡ್ ಎಂಬವರು ಅದೇ ಉಪಾಯವನ್ನು ವಿಜ್ಞಾನಕ್ಕೆ ಅನ್ವಯಿಸಿ 1964ರಲ್ಲಿ ಉಲ್ಲೇಖಗಳ ಸೂಚಿಯನ್ನು ಪ್ರಕಟಿಸಿದರು. ಬಳಿಕ 2005ರಲ್ಲಿ ಭೌತಶಾಸ್ತ್ರಜ್ಞರಾದ ಹೋರ್ಹೆ ಹರ್ಷ್ ಎಂಬವರು ‘ಎಚ್’ ಎಂಬ ಅಂಕಿಯನ್ನು ಸೂಚಿಸಿದರು. ಒಬ್ಬರ ಲೇಖನಗಳಲ್ಲಿ ಹತ್ತು ಮಾತ್ರ ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕಿಯು 10. ಒಂದೇ ಲೇಖನವನ್ನು ಬರೆದು ಅದು ಸಾವಿರ ಸಲ ಉಲ್ಲೇಖಗೊಂಡರೂ ಅಂಕಿಯು 1 ಮಾತ್ರ! ಜಗತ್ತಿನಲ್ಲಿ ಅತ್ಯಧಿಕವಾಗಿ ಉಲ್ಲೇಖಗೊಂಡ ಲೇಖನವು ಯಾವ ರೋಗದ ಮರ್ಮವನ್ನೂ ಬಿಡಿಸಿದುದಲ್ಲ; 1951ರಲ್ಲಿ ಆಲಿವರ್ ಲೌರಿಯವರೂ ಅವರ ಸಂಗಡಿಗರೂ ಬರೆದ, ಪ್ರೋಟೀನನ್ನು ಅಳೆಯುವ ವಿಧಾನ. ಅದು 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿದೆ.

ಇನ್ನು ಜ್ಯಾನೆಟ್ ರೌಲಿಯವರ ವಿಷಯಕ್ಕೆ ಬರುತ್ತೇವೆ. ಈಕೆ 1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಚಿಕಾಗೋ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಆಗ 65 ಮಂದಿಯ ತರಗತಿಗೆ ಮೂವರು ಸ್ತ್ರೀಯರನ್ನು ಮಾತ್ರ ಸೇರಿಸಿಕೊಳ್ಳುವ ನಿಯಮವಿದ್ದುದರಿಂದ ಈಕೆ ಒಂಬತ್ತು ತಿಂಗಳು ಕಾಯಬೇಕಾಯಿತು. 1948ರಲ್ಲಿ ಪದವಿ ಪಡೆದ ಮರುದಿನವೇ ವಿವಾಹವಾದರು. ನಾಲ್ವರು ಗಂಡುಮಕ್ಕಳು ಹುಟ್ಟಿದರು. ಅವರನ್ನು ಸಾಕುತ್ತಿದ್ದ ಅನೇಕ ವರುಷಗಳ ಪರಿಯಂತ ವಾರದಲ್ಲಿ ಕೆಲವೇ ದಿನ ದುಡಿಯುತ್ತಿದ್ದರು. ಆ ವರುಷಗಳಲ್ಲಿ ಯಾರಾದರೂ ಈಕೆಯ ಲೇಖನಗಳನ್ನು ಎಣಿಸಿದ್ದರೆ ಪಟ್ಟಿಯು ಅತಿ ಚಿಕ್ಕದಾಗಿ ಕಾಣುತ್ತಿತ್ತು. ತೊಟ್ಟಿಲನ್ನು ತೂಗಿದ ಕಾಲಕ್ಕೆ ಯಾವ ಸೂಚಿಯಲ್ಲಿಯೂ ಅಂಕಣವಿಲ್ಲ.

ನಮ್ಮ ಬಹುಪಾಲು ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. ಅವುಗಳಿಗೆ ಗಾತ್ರಾನುಸಾರವಾಗಿ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 22ನೆಯ ತಂತುವು ಮೋಟಾಗಿರುವುದನ್ನು 1960ರಲ್ಲಿ ನೋವೆಲ್, ಹಂಗರ್‌ಫರ್ಡ್ ಎಂಬಿಬ್ಬರು ಫಿಲಡೆಲ್ಫಿಯಾ ನಗರದಲ್ಲಿ ಕಂಡಿದ್ದರು. ಕಳೆದುಹೋದ ತುಂಡು ಏನಾಯಿತೆಂಬುದು ತಿಳಿದಿರಲಿಲ್ಲ. ರೌಲಿಯವರು ಹೊಳೆಯುವ ಬಣ್ಣದಿಂದ ತಂತುಗಳಿಗೆ ಪಟ್ಟೆಗಳನ್ನು ಮೂಡಿಸಿ, ಚಿತ್ರ ತೆಗೆದು, ಒಂದೊಂದನ್ನೂ ಕತ್ತರಿಯಿಂದ ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದರು. ಅಮ್ಮನು ಕಾಗದದ ಗೊಂಬೆಗಳೊಡನೆ ಆಡುತ್ತಾಳೆಂದು ಮಕ್ಕಳು ನಗುತ್ತಿದ್ದರಂತೆ. ಕಳೆದ ತುಂಡು 9ನೆಯ ತಂತುವಿನ ತುದಿಯಲ್ಲಿ ಕುಳಿತಿರುವುದನ್ನು ಈಕೆ ಹೀಗೆ ಕಂಡುಹಿಡಿದು, 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ವಯಸ್ಸು 48.

ಅದಕ್ಕೆ ಸ್ವಲ್ಪ ಮುಂಚೆ, ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 8 ಮತ್ತು 21ನೆಯ ತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನೂ ಈಕೆ ಕಂಡಿದ್ದರು. ಆ ಲೇಖನವನ್ನು ಹೆಸರಾಂತ ವೈದ್ಯಪತ್ರಿಕೆಯೊಂದು ಹಿಂದಿರುಗಿಸಿತು. ಕಡೆಗೆ ಅದು ಫ್ರಾನ್ಸ್ ದೇಶದ ಚಿಕ್ಕ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪತ್ರಿಕೆಯ ಪ್ರತಿಷ್ಠೆಯಿಂದ ಲೇಖನದ ಬೆಲೆ ಕಟ್ಟುವವರು ಇದನ್ನು ನೆನಪಿನಲ್ಲಿಡುವುದು ಲೇಸು.

ಮುಂದೆ ಬಂದ ಫಲಗಳನ್ನು ನೋಡೋಣ. 9 ಮತ್ತು 22ನೆಯ ತಂತುಗಳು ಬೆಸೆದ ಸ್ಥಳದಲ್ಲಿ ಎರಡು ಜೀನುಗಳು ಕೂಡಿಕೊಂಡು ಹೊಸದೊಂದು ಪ್ರೋಟೀನು ಹುಟ್ಟುವುದೆಂದೂ, ಅದು ಕೋಶಗಳಿಗೆ ಬಿಡುವಿಲ್ಲದೆ ಬೆಳೆಯುವ ಆಜ್ಞೆಯನ್ನು ಕೊಡುವುದೆಂದೂ 1980ರ ದಶಕದಲ್ಲಿ ಇತರರು ತೋರಿಸಿದರು. ಆ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಎಂಬ ಗುಳಿಗೆಗೆ 2001ರಲ್ಲಿ ಅಮೇರಿಕೆಯಲ್ಲಿ ಅನುಮತಿ ದೊರೆಯಿತು. ಹಿಂದೆ ಕೆಲವೇ ವರುಷಗಳಲ್ಲಿ ಸಾಯುತ್ತಿದ್ದ ರೋಗಿಗಳಲ್ಲಿ ಅನೇಕರು ಈಗ ದೀರ್ಘಕಾಲ ಬದುಕುತ್ತಾರೆ.

ರೌಲಿಯವರ ಪಟ್ಟಿಯು ಕಡೆಗೆ ಚಿಕ್ಕದಾಗಿ ಉಳಿಯಲಿಲ್ಲ. ಲೇಖನಗಳು 500ನ್ನು ಮೀರಿದವು. 1998ರಲ್ಲಿ ಲಾಸ್ಕರ್ ಬಹುಮಾನವೂ 2009ರಲ್ಲಿ ಅಮೇರಿಕೆಯ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ದೊರೆತವು. ಆದರೂ ಎಣಿಕೆಯಲ್ಲಿ ಒಂದು ವಿಚಿತ್ರವಿದೆ. ಒಂದು ಸಂಗತಿಯು ಪಾಠಪುಸ್ತಕವನ್ನು ಸೇರಿ ಎಲ್ಲರಿಗೂ ತಿಳಿದುದಾದ ಮೇಲೆ, ಮೂಲಲೇಖನವನ್ನು ಹೆಸರಿಸುವ ಅಗತ್ಯವಿದೆಯೆಂದು ಯಾರಿಗೂ ತೋರುವುದಿಲ್ಲ. ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಮರ್ಟನ್ ಎಂಬವರು ಇದನ್ನು ಗುರುತಿಸಿದ್ದರು. ಇಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ರಕ್ತವನ್ನು ಪರೀಕ್ಷಿಸಿ 9 ಮತ್ತು 22 ಎಂಬ ಎರಡು ಸಂಖ್ಯೆಗಳನ್ನು ವರದಿಯಲ್ಲಿ ಬರೆಯುವವರು 1973ರ ಆ ಲೇಖನವನ್ನು ಹೆಸರಿಸುವುದಿಲ್ಲ. ಅಂಥ ವರದಿಗಳು ಸೂಚಿಯ ಎಣಿಕೆಗೂ ಬರುವುದಿಲ್ಲ.